ಅಕ್ಟೋಬರ್ ಒಂದೂ ನೆನಪಿರಲಿ

ನಮ್ಮ ತಳಕಿನ ಕಡೆ ನವೆಂಬರ್ 1 ಅಂದರೆ ಸರ್ಕಾರಿ ರಜೆ, ಶಾಲೆ ಮುಂದೆ ಹಳದಿ-ಕೆಂಪು ಬಾವುಟ, ಮಕ್ಕಳ ಕೈಗೆ ಸಿಹಿ. 1956ರ ಆ ದಿನ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ನಮ್ಮ ಚಿತ್ರದುರ್ಗದಿಂದಲೇ ಲೋಕಸಭೆಗೆ ಹೋಗಿದ್ದವರು ಅನ್ನೋ ಹೆಮ್ಮೆ ಬೇರೆ.

ಆದರೆ ಗಡಿಯ ನಮಗೆ 1953ರ ಅಕ್ಟೋಬರ್ 1 ಕೂಡ ಅಷ್ಟೇ ದೊಡ್ಡ ದಿನ. ಅವತ್ತು ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಅದೇ ಜಿಲ್ಲೆಯ ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರದ ಪಾಲಾದವು. ಮೊಳಕಾಲ್ಮೂರಿನವರಿಗೆ ರಾಯದುರ್ಗ ಪಕ್ಕದೂರು. ಹೆಣ್ಣು ಕೊಟ್ಟು ತರೋದು, ಸಂತೆ, ವ್ಯಾಪಾರ ಯಾವುದೂ ನಿಂತಿಲ್ಲ. ಹಾಗಾಗಿ ರಾಯದುರ್ಗದ ಕನ್ನಡ ಮನೆಗಳ ಮಕ್ಕಳಿಗೂ ಕನ್ನಡ ಮೇಷ್ಟ್ರು ಸಿಗಲೇಬೇಕು. ಈ ಸಲ ರಾಜ್ಯೋತ್ಸವದ ಭಾಷಣದಲ್ಲಿ ರಾಯದುರ್ಗದ ಹೆಸರೂ ಹೇಳಿ ಅಂತ ಪಂಚಾಯ್ತಿಯವರನ್ನ ಕೇಳ್ತೀನಿ.