ತೋಟೆಗೆ ನಿಧಾನದ ಯಂತ್ರವೇ ಲೇಸು

ಟೆಕ್ಸಾಸ್‌ನಲ್ಲಿರುವ ನಮ್ಮ ದೊಡ್ಡಪ್ಪನ ಮಗ ರೈಫಲ್ ತೋಟೆಗಳನ್ನು ಮನೆಯಲ್ಲೇ ತುಂಬುತ್ತಾನೆ. ಸ್ವಂತ ಬಳಕೆಗೆ ಮಾತ್ರವಾದರೆ ಅಲ್ಲಿ ಅದಕ್ಕೆ ಲೈಸೆನ್ಸ್ ಬೇಕಿಲ್ಲ. ಹಾರಿಸಿದ ಹಿತ್ತಾಳೆ ತೋಟೆಯನ್ನು ಮತ್ತೆ ಅಳತೆಗೆ ತಂದು ಪ್ರೈಮರ್, ಮದ್ದು, ಗುಂಡು ಕೂರಿಸಬೇಕು. ಇದಕ್ಕೆ ಬೇಕಾದ ಕೈಯಂತ್ರವೇ ಪ್ರೆಸ್.

ಪ್ರೋಗ್ರೆಸಿವ್ ಪ್ರೆಸ್‌ನಲ್ಲಿ ಒಮ್ಮೆ ಹಿಡಿ ಎಳೆದರೆ ನಾಲ್ಕೈದು ಕೆಲಸ ಒಟ್ಟಿಗೆ ನಡೆದು, ಪ್ರತಿ ಎಳೆತಕ್ಕೂ ಒಂದು ತೋಟೆ ಸಿದ್ಧವಾಗುತ್ತದೆ. ಸಿಂಗಲ್ ಸ್ಟೇಜ್‌ನಲ್ಲಿ ಒಂದು ಎಳೆತಕ್ಕೆ ಒಂದೇ ಕೆಲಸ. ಅಣ್ಣ ಕೊಂಡಿದ್ದು ಎರಡನೆಯದು, ಎರಕದ ಕಬ್ಬಿಣದ್ದು. ಗಟ್ಟಿ ಚೌಕಟ್ಟು ಬಾಗುವುದಿಲ್ಲ. ಪ್ರತಿ ಗುಂಡೂ ಒಂದೇ ಆಳಕ್ಕೆ, ನೆಟ್ಟಗೆ ಕೂರುತ್ತದೆ. ಗುರಿ ನಿಲ್ಲುವುದೇ ಈ ಒಂದೇ ಸಮತನದಿಂದ.

ಅತ್ತಿಗೆಗೆ ಮುಖ್ಯವಾಗಿದ್ದು ಬೇರೆ. ಮದ್ದು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಮದ್ದು ಹೆಚ್ಚಾದರೆ ರೈಫಲ್ ಮುಖದ ಹತ್ತಿರವೇ ಸಿಡಿಯಬಹುದು. ಮದ್ದೇ ಬೀಳದಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡು, ಮುಂದಿನ ಗುಂಡಿಗೆ ನಳಿಗೆ ಒಡೆಯಬಹುದು. ನಿಧಾನದ ಯಂತ್ರದಲ್ಲಿ ಗುಂಡು ಕೂರಿಸುವ ಮೊದಲು ತೋಟೆಗಳನ್ನೆಲ್ಲ ಸಾಲಾಗಿಟ್ಟು, ದೀಪ ಹಿಡಿದು ಒಂದೊಂದನ್ನೂ ಇಣುಕಿ ನೋಡಬಹುದು. ಅದಕ್ಕೇ ಅತ್ತಿಗೆ ಒಪ್ಪಿದರು.

ಅಣ್ಣ ಕಳಿಸಿದ ವಿಡಿಯೊ ನೋಡಿ ಇಲ್ಲಿ ಕೊಡಗಿನಲ್ಲಿ ನಮ್ಮೂರ ಹುಡುಗರು "ನಾವೂ ಮಾಡೋಣ" ಅನ್ನುತ್ತಿದ್ದಾರೆ. ಬೇಡ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ. ತೋಟೆ ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಬೇಕೇ ಬೇಕು. ಲೈಸೆನ್ಸ್ ಇರುವ ಅಂಗಡಿಯಿಂದಲೇ ತನ್ನಿ. ಕೈ, ಕಣ್ಣು ಎರಡೂ ಉಳಿಯುತ್ತವೆ.