ಮೂರು ಎಣಿಸಿದರೆ ಬೆಡಿ

ಈ ನಾಲ್ಕೈದು ವರ್ಷಗಳಲ್ಲಿ ನಾನು ಸಾವಿರಾರು ಬೆಡಿ ಹಾರಿಸಿದ್ದೇನೆ. ಒಂದು ಕಡ್ಡಿ ಗೀರಿಲ್ಲ. ಎಲ್ಲವೂ ಲ್ಯಾಪ್‌ಟಾಪಿನಲ್ಲಿ, ಆಫೀಸಿನ ಕೊನೆಯ ಕಾಲ್ ಮುಗಿದ ಮೇಲೆ, ರಾತ್ರಿ ಹತ್ತರ ನಂತರ.

ಬೆಡಿ ಅಂದರೇನು ಅನ್ನುವವರಿಗೆ: ದಕ್ಷಿಣ ಕನ್ನಡದಲ್ಲಿ ಜಾತ್ರೆಯ ಸುಡುಮದ್ದಿಗೆ ನಾವು ಹಾಗೆ ಹೇಳುವುದು. ಅದರಲ್ಲೂ ಪುತ್ತೂರು ಬೆಡಿ ಅಂದರೆ ಸುತ್ತಲಿನ ಊರಿನವರೆಲ್ಲ ಕಾಯುವ ಸಂಗತಿ. ಮಹಾಲಿಂಗೇಶ್ವರ ದೇವರ ಜಾತ್ರೆ, ಏಪ್ರಿಲ್ 17ರ ರಥೋತ್ಸವದ ರಾತ್ರಿ, ದೇವಸ್ಥಾನದೆದುರಿನ ಗದ್ದೆ ತುಂಬ ಜನ. ನಾವು ಮಾತ್ರ ಗದ್ದೆಗೆ ಹೋಗಿ ನೋಡಿದ್ದು ಕಡಿಮೆ. ಅಮ್ಮನಿಗೆ ಗೌಜಿ ಆಗುವುದಿಲ್ಲ. ನಮ್ಮ ಮನೆ ಅಲ್ಲಿಂದ ಒಂದು ಕಿಲೋಮೀಟರಿಗಿಂತ ಸ್ವಲ್ಪ ಆಚೆ, ಗುಡ್ಡೆಯ ಮೇಲೆ. ಜಗಲಿಯಲ್ಲಿ ಕೂತರೆ ತೆಂಗಿನ ಮರಗಳ ತಲೆಯ ಮೇಲೆ ಆಕಾಶ ಕೆಂಪು, ಹಸಿರು ಆಗುವುದು ಕಾಣುತ್ತದೆ. ಮೊದಲು ಬೆಳಕು, ಆಮೇಲೆ ಶಬ್ದ. ಅಪ್ಪ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆರಳು ಮಡಚುತ್ತಿದ್ದರು. "ಒಂದು... ಎರಡು... ಮೂರು..." ಢಂ! ಅಪ್ಪ ಎಣಿಸುವುದಕ್ಕೇ ಅದು ಒಡೆಯುತ್ತದೆ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ.

ಲ್ಯಾಪ್‌ಟಾಪಿನ ಹುಚ್ಚು ಹತ್ತಿದ್ದು 2020ರ ಏಪ್ರಿಲ್‌ನಲ್ಲಿ. ಲಾಕ್‌ಡೌನ್, ಊರಿಗೆ ಹೋಗುವ ಹಾಗಿಲ್ಲ. ಯೂಟ್ಯೂಬಿನಲ್ಲಿ ಹಳೆಯ ಬೆಡಿ ವಿಡಿಯೋ ಹುಡುಕುತ್ತಾ ಕೂತವಳಿಗೆ ಪಟಾಕಿ ಸಿಮ್ಯುಲೇಶನ್ ಸಾಫ್ಟ್‌ವೇರ್ ಅನ್ನುವುದೊಂದಿದೆ ಅಂತ ಗೊತ್ತಾಯಿತು. ಫಿನಾಲೆ 3ಡಿ, ಎಫ್‌ಡಬ್ಲ್ಯೂಸಿಮ್ ಹೀಗೆ ಕೆಲವು ಇವೆ. ಪರದೆಯ ಒಂದು ಕಡೆ ಕತ್ತಲ ಆಕಾಶ, ಕೆಳಗೆ ಹಾಡಿನ ಟೈಮ್‌ಲೈನ್. ಯಾವ ಶೆಲ್, ಯಾವ ಬಣ್ಣ, ಯಾವ ಸೆಕೆಂಡಿಗೆ ಅಂತ ಜೋಡಿಸುತ್ತಾ ಹೋಗುವುದು. ವಿಡಿಯೋ ಎಡಿಟ್ ಮಾಡಿದ ಅನುಭವ ಇದ್ದವರಿಗೆ ಅರ್ಧ ಗಂಟೆಯಲ್ಲಿ ಕೈ ಕೂರುತ್ತದೆ.

ನನ್ನನ್ನು ಹಿಡಿದು ಕೂರಿಸಿದ್ದು ಅದರ ಹಿಮ್ಮುಖ ಲೆಕ್ಕ. ಮೂರು ಇಂಚಿನ ಶೆಲ್ ಸುಮಾರು 300 ಅಡಿ ಏರುತ್ತದೆ, ಆರು ಇಂಚಿನದು ಸುಮಾರು 600. ಕೊಳವೆಯಿಂದ ಹೊರಟು ಒಡೆಯುವುದಕ್ಕೆ ಚಿಕ್ಕದಕ್ಕೆ ಮೂರು ಸೆಕೆಂಡಿನ ಆಸುಪಾಸು ಬೇಕು, ದೊಡ್ಡದಕ್ಕೆ ಐದರ ಹತ್ತಿರ. ಚೆಂಡೆಯ ಒಂದೇ ಪೆಟ್ಟಿಗೆ ಎರಡೂ ಒಟ್ಟಿಗೆ ಅರಳಬೇಕಾದರೆ ದೊಡ್ಡದು ಎರಡು ಸೆಕೆಂಡು ಮೊದಲೇ ನೆಲ ಬಿಟ್ಟಿರಬೇಕು. ಊಟದ ಹೊತ್ತು ಒಂದು ಗಂಟೆ ಅಂತಾದರೆ ಅಕ್ಕಿ ಯಾವಾಗ ಹಾಕಬೇಕು, ಸಾಂಬಾರು ಯಾವಾಗ ಇಡಬೇಕು ಅಂತ ಅಡಿಗೆ ಭಟ್ಟರು ಹಿಂದಕ್ಕೆ ಎಣಿಸುತ್ತಾರಲ್ಲ, ಥೇಟ್ ಅದೇ. ನೀವು ಅರಳುವ ಕ್ಷಣವನ್ನು ಹಾಡಿನ ಮೇಲೆ ಇಟ್ಟರೆ ಸಾಫ್ಟ್‌ವೇರ್ ಹೊರಡುವ ಕ್ಷಣವನ್ನು ಲೆಕ್ಕ ಹಾಕಿಕೊಡುತ್ತದೆ.

ವೃತ್ತಿಯವರು ಇದೇ ಫೈಲನ್ನು ಹಾರಿಸುವ ಯಂತ್ರಕ್ಕೆ ಕೊಡುತ್ತಾರೆ. ಪ್ರತಿಯೊಂದು ಕೊಳವೆಗೂ ಒಂದು ವಿದ್ಯುತ್ ಕಿಡಿ, ಪ್ರತಿ ಕಿಡಿಗೂ ಒಂದು ಸಮಯ. ಮನುಷ್ಯ ದೂರ ನಿಲ್ಲಬಹುದು, ಅದೇ ದೊಡ್ಡ ಲಾಭ. ಹಾಗಂತ ಫೈಲ್ ತಪ್ಪಾದರೆ? 2012ರ ಜುಲೈ 4ರಂದು ಅಮೆರಿಕದ ಸ್ಯಾನ್ ಡಿಯಾಗೊ ಬಂದರಿನಲ್ಲಿ ಹದಿನೈದು ನಿಮಿಷಕ್ಕೂ ಹೆಚ್ಚು ನಡೆಯಬೇಕಿದ್ದ ಪ್ರದರ್ಶನ ಅರ್ಧ ನಿಮಿಷದೊಳಗೆ ಒಟ್ಟಿಗೇ ಸಿಡಿದು ಮುಗಿಯಿತು. ಮುಖ್ಯ ಫೈಲ್ ಮತ್ತು ಬ್ಯಾಕಪ್ ಫೈಲ್ ಸೇರಿಸುವಾಗ ತಪ್ಪು ನುಸುಳಿತ್ತಂತೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಟೀ ಬ್ರೇಕಿನಲ್ಲಿ ನಾನು ಈ ವಿಡಿಯೋ ತೋರಿಸಿದಾಗ ಟೆಸ್ಟಿಂಗ್‌ನವರೆಲ್ಲ ಬಿದ್ದು ಬಿದ್ದು ನಕ್ಕರು. ನಮ್ಮ ರಿಲೀಸ್ ಟೀಮಿನವರು ಯಾರೂ ನಗಲಿಲ್ಲ.

ಇರಲಿ. ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ ರಜೆ ಸಿಗಲಿಲ್ಲ ಅಂತ ಹಠಕ್ಕೆ ಬಿದ್ದು ಪುತ್ತೂರು ಬೆಡಿಯನ್ನೇ ಕಟ್ಟಿದೆ. ಭಾವ ಕಳಿಸಿಕೊಟ್ಟ ಚೆಂಡೆಯ ರೆಕಾರ್ಡಿಂಗಿಗೆ ಏಳು ನಿಮಿಷದ ಪ್ರದರ್ಶನ. ಒಂದು ಪೆಟ್ಟೂ ಆಚೀಚೆ ಇಲ್ಲ. ಅಪ್ಪನ ವಾಟ್ಸಾಪಿಗೆ ಕಳಿಸಿದೆ. ಮರುದಿನ ಉತ್ತರ ಬಂತು: "ಚಂದ ಉಂಟು. ಆದರೆ ಇದು ನಮ್ಮ ಬೆಡಿ ಅಲ್ಲ."

ಅಷ್ಟೇ. ಯಾಕೆ ಅಂತ ಕೇಳೋಣವೆಂದರೆ ಅಪ್ಪ ಆ ಹೊತ್ತಿಗೆ ನನ್ನ ಜೊತೆ ಫೋನಿನಲ್ಲಿ ಮಾತಾಡುವುದನ್ನೇ ಬಿಟ್ಟಂತಿದ್ದರು. "ಹಾಂ, ಹಾಂ, ಊಟ ಆಯ್ತಾ? ಅಮ್ಮನಿಗೆ ಕೊಡ್ತೇನೆ." ಅಲ್ಲಿಗೆ ಮುಗಿಯಿತು. ನನ್ನ ಗಂಡನ ಜೊತೆಯಾದರೆ ಅಡಿಕೆ ರೇಟಿನಿಂದ ಹಿಡಿದು ಕ್ರಿಕೆಟ್‌ವರೆಗೆ ಹತ್ತು ನಿಮಿಷ. ನಾನೇ ಆರಿಸಿಕೊಂಡ ಹುಡುಗ, ಅಪ್ಪ ಒಪ್ಪಿದ್ದೇನೋ ನಿಜ, ಆದರೆ ಎಲ್ಲೋ ನನ್ನ ಮೇಲೆ ಬೇಸರ ಉಳಿದಿದೆ ಅಂದುಕೊಂಡೆ. ಅಳಿಯ ಬೇಕು, ಮಗಳು ಬೇಡ. ಹೀಗೆಲ್ಲ ಯೋಚಿಸುತ್ತಾ ಎಷ್ಟು ರಾತ್ರಿ ಕಳೆದೆ ಅಂತ ಹೇಳಿಕೊಳ್ಳಲಿಕ್ಕೂ ನಾಚಿಕೆ.

ಅಮ್ಮನ ದೂರು ಬೇರೆ. "ಟಿವಿ ಸೌಂಡು ಆಚೆಮನೆಗೆ ಕೇಳ್ತದೆ, ಕುಕ್ಕರು ಕೂಗಿದ್ದು ಇವರಿಗೆ ಕೇಳುವುದಿಲ್ಲ. ಒಮ್ಮೆ ಕಿವಿ ತೋರಿಸಿ ಅಂದ್ರೆ ಸಿಟ್ಟು." ಅಪ್ಪ ಮೂವತ್ತು ವರ್ಷ ರೈಸ್ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಅವರ ವಾದ ಗಟ್ಟಿಯಾಗಿತ್ತು. "ಒಂದು ಕಿಲೋಮೀಟರು ದೂರದ ಬೆಡಿ ಕೇಳ್ತದೆ ನಂಗೆ. ಕಿವಿಗೆ ಎಂತ ಆಗಿದೆ? ನೀವೆಲ್ಲ ಬಾಯಿಯೊಳಗೆ ಮಾತಾಡುವುದು." ಇದಕ್ಕೆ ನಮ್ಮ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನಿಜಕ್ಕೂ ಕೇಳುತ್ತಿತ್ತಲ್ಲ!

"ನಮ್ಮ ಬೆಡಿ ಅಲ್ಲ" ಅನ್ನುವುದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಒಂದು ರಾತ್ರಿ ಹೊಳೆಯಿತು. ನಾನು ಪ್ರೇಕ್ಷಕರನ್ನು ಗದ್ದೆಯಲ್ಲಿ ಕೂರಿಸಿದ್ದೆ. ನಾವು ನೋಡುತ್ತಿದ್ದದ್ದು ಜಗಲಿಯಿಂದ. ಕ್ಯಾಮೆರಾವನ್ನು 1,100 ಮೀಟರ್ ಹಿಂದಕ್ಕೆ ತಂದೆ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ, ಅಂದರೆ ಮೂರು ಸೆಕೆಂಡಿಗಿಂತ ತುಸು ಹೆಚ್ಚು ತಡ. ವಿಡಿಯೋದ ಶಬ್ದವನ್ನು ಬೇರೆ ಮಾಡಿ ಅಷ್ಟು ಹಿಂದಕ್ಕೆ ಸರಿಸಿದೆ. ನಾನು ಅಷ್ಟು ಕಷ್ಟಪಟ್ಟು ಕೂಡಿಸಿದ್ದ ತಾಳವೆಲ್ಲ ಹಾಳಾಯಿತು. ಅಪ್ಪನ ಎಣಿಕೆ ಸರಿಯಾಯಿತು.

ಆದರೂ ಏನೋ ಸುಳ್ಳು. ತಡವಾಗಿ ಬಂದರೂ ಶಬ್ದ ಹತ್ತಿರದ್ದೇ ಅನ್ನಿಸುತ್ತಿತ್ತು. ಹತ್ತಿರದ ಸಿಡಿಲು ಚಟಾರ್ ಅನ್ನುತ್ತದೆ, ದೂರದ್ದು ಗುಡುಗುಡು ಮಾತ್ರ. ಗಾಳಿ ಏರುಸ್ವರವನ್ನು ಬೇಗ ನುಂಗಿಬಿಡುತ್ತದೆ. ಬೆಡಿಗೂ ಅದೇ ನ್ಯಾಯ. ಹಾಗಾಗಿ ಆಡಾಸಿಟಿಯಲ್ಲಿ ಲೋ-ಪಾಸ್ ಫಿಲ್ಟರ್ ಹಾಕಿದೆ. ಅದೊಂದು ಜರಡಿ ಇದ್ದ ಹಾಗೆ. ತಗ್ಗಿನ ಸ್ವರವನ್ನು ಬಿಟ್ಟು, ಏರಿನದ್ದನ್ನು ಮೇಲೆಯೇ ತಡೆಹಿಡಿಯುತ್ತದೆ. ಚಿಟಪಟ, ಸುಂಯ್ ಎಲ್ಲ ಹೋಗಿ ಎದೆಗೆ ತಾಗುವ ಢಂ ಮಾತ್ರ ಉಳಿಯಿತು. ಕಣ್ಣು ಮುಚ್ಚಿದೆ, ನಮ್ಮ ಜಗಲಿ.

ದೀಪಾವಳಿಗೆ ಊರಿಗೆ ಹೋದಾಗ ಎರಡನ್ನೂ ತೋರಿಸಿದೆ. ಮೊದಲು ಗದ್ದೆಯದ್ದು, ಇಯರ್‌ಫೋನ್ ಹಾಕಿಸಿ. ಅದರಲ್ಲಿ ಕೊನೆಗೊಂದು ಬೆಳ್ಳಿ ಬಣ್ಣದ ಶೆಲ್ ಇತ್ತು, ಅರಳಿದ ಮೇಲೆ ನೂರಾರು ಚೂರುಗಳು ಚಿಟಪಟ ಸಿಡಿಯುವಂಥದ್ದು. ಇಡೀ ಪ್ರದರ್ಶನದಲ್ಲಿ ನನಗೆ ಅತಿ ಹೆಮ್ಮೆ ಇದ್ದದ್ದು ಅದರ ಬಗ್ಗೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಇದಕ್ಕೆ ಶಬ್ದ ಹಾಕ್ಲಿಲ್ವಾ ಮಾರಾಯ್ತಿ?"

ಇಯರ್‌ಫೋನ್ ಕೆಟ್ಟಿತೇ ಅಂತ ತೆಗೆದು ನನ್ನ ಕಿವಿಗೆ ಹಾಕಿಕೊಂಡೆ. ಹುರಿಗಡಲೆ ಸಿಡಿದ ಹಾಗೆ ಕಿವಿ ತುಂಬ ಸದ್ದು. ಮಾತಾಡದೆ ಎರಡನೆಯದ್ದು ಹಾಕಿದೆ. ಬೆಳಕು ಅರಳಿತು, ಶಬ್ದ ಇಲ್ಲ. ಅಪ್ಪನ ಬೆರಳು ತಾನಾಗಿ ಮಡಚಿತು. ಒಂದು, ಎರಡು, ಮೂರು. "ಹಾಂ! ಇದು. ಇದು ನಮ್ಮ ಬೆಡಿ."

ಖುಷಿ ಪಡಬೇಕಿತ್ತು. ನನಗೆ ಹೊಟ್ಟೆಯೊಳಗೆ ತಣ್ಣಗಾಯಿತು. ನಾನು ಜರಡಿ ಹಿಡಿದು ತೆಗೆದದ್ದು ಯಾವುದೋ, ಅದು ಅಪ್ಪನ ಕಿವಿಯಿಂದ ಮೊದಲೇ ಹೋಗಿತ್ತು. ವಯಸ್ಸಾದಂತೆ, ಯಂತ್ರದ ಸದ್ದಿನಲ್ಲಿ ಬದುಕಿದವರಿಗೆ ಇನ್ನೂ ಬೇಗ, ಮೊದಲು ಹೋಗುವುದು ಏರುಸ್ವರ. ಕುಕ್ಕರಿನ ಸಿಳ್ಳೆ. ಮಾತಿನಲ್ಲಿ ಸ, ಶ ಅನ್ನುವ ಅಕ್ಷರಗಳು. ಹೆಂಗಸರ, ಮಕ್ಕಳ ದನಿ. ಗಂಡಸಿನ ದಪ್ಪ ದನಿ ಉಳಿಯುತ್ತದೆ. ದೂರದ ಬೆಡಿ ಉಳಿಯುತ್ತದೆ.

ಲ್ಯಾಪ್‌ಟಾಪ್ ತೆರೆದು ಫಿಲ್ಟರಿನ ಗೆರೆ ತೋರಿಸಿ ವಿವರಿಸಿದೆ, ಎದುರು ಕೂತು, ದನಿ ತಗ್ಗಿಸಿ, ನಿಧಾನವಾಗಿ. ನಿಮಗೆ ಬೆಡಿ ಕೇಳುವುದು ಕಿವಿ ಸರಿ ಇರುವುದಕ್ಕಲ್ಲ ಅಪ್ಪ, ಅದು ದೂರ ಇರುವುದಕ್ಕೆ ಅಂದೆ. ಅಪ್ಪ ಸುಮಾರು ಹೊತ್ತು ಆ ಗೆರೆಯನ್ನೇ ನೋಡಿದರು.

"ಹಾಗಾದ್ರೆ ನೀನು ಫೋನಿನಲ್ಲಿ ಮೆಲ್ಲ ಮಾತಾಡುವುದಲ್ವಾ?"

"ಇಲ್ಲ ಅಪ್ಪ."

"ನಾನು ಎಣಿಸಿದ್ದು, ನಿಂಗೆ ನನ್ನತ್ರ ಮಾತಾಡ್ಲಿಕ್ಕೆ ಉದಾಸೀನ ಅಂತ."

ಒಳಗೆ ಅಮ್ಮ ಚಹಾ ಸೋಸುತ್ತಿದ್ದರು. ನಾನು ಹೋಗಿ ಲೋಟ ತಂದೆ, ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಮಂಗಳೂರಿನಲ್ಲಿ ಆಡಿಯಾಲಜಿಸ್ಟ್ ಕೊಟ್ಟ ಚೀಟಿಯಲ್ಲೂ ಒಂದು ಗೆರೆ ಇತ್ತು. ಎಡಗಡೆ ಸುಮಾರಾಗಿ ಸಮ, ಬಲಕ್ಕೆ ಬಂದಂತೆ ಗುಡ್ಡೆ ಇಳಿದ ಹಾಗೆ ಕೆಳಕ್ಕೆ. ಅಪ್ಪ ಅದನ್ನು ಅಳಿಯನಿಗೆ ತೋರಿಸಿ, "ಇವಳ ಕಂಪ್ಯೂಟರಿನಲ್ಲಿ ಇದ್ದದ್ದೇ ಇದು" ಅಂದರು, ಏನೋ ಬಹುಮಾನ ಬಂದ ಹಾಗೆ. ಎರಡೂ ಕಿವಿಗೆ ಮಷಿನ್ ಬಂತು. ಬೆಲೆ ಕೇಳಬೇಡಿ, ಅಪ್ಪನಿಗೂ ಅರ್ಧವೇ ಹೇಳಿದ್ದೇವೆ. ಮೊದಲ ವಾರ ಬರೀ ದೂರು. ಫ್ಯಾನು ಕಿರುಗುಟ್ಟುತ್ತದೆ, ಪೇಪರು ಮಡಚಿದರೆ ಕಿವಿ ಹರಿಯುತ್ತದೆ, ಜೀರುಂಡೆಗಳು ಇಷ್ಟು ದಿನ ಎಲ್ಲಿದ್ದವು? ಎರಡನೇ ವಾರ ಫೋನ್ ಮಾಡಿ ಇಪ್ಪತ್ತು ನಿಮಿಷ ಮಾತಾಡಿದರು. ಅದರಲ್ಲಿ ಹದಿನೈದು ನಿಮಿಷ ಜೀರುಂಡೆಯ ವಿಷಯ.

ಈ ಏಪ್ರಿಲ್‌ಗೆ ಮ್ಯಾನೇಜರ ಹತ್ತಿರ ಮೂರು ತಿಂಗಳು ಮೊದಲೇ ರಜೆ ಹೇಳಿಟ್ಟಿದ್ದೆ. 17ರ ರಾತ್ರಿ ಜಗಲಿಯಲ್ಲಿ ನಾಲ್ಕು ಕುರ್ಚಿ. ಅಮ್ಮ ಒಳಗಿನಿಂದ ಮೆಲ್ಲಗೆ "ಮಜ್ಜಿಗೆ ಬೇಕಾ" ಅಂದದ್ದಕ್ಕೆ ಅಪ್ಪ ಕೂತಲ್ಲಿಂದಲೇ "ಉಪ್ಪು ಕಮ್ಮಿ ಹಾಕು" ಅಂದರು. ತೆಂಗಿನ ಮರಗಳ ಆಚೆ ಮೊದಲ ಬೆಳಕು ಏಳುವ ಹೊತ್ತಿಗೆ ಎರಡೂ ಕಿವಿಯ ಮಷಿನ್ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಯಾಕೆ ಅಪ್ಪ?"

"ಇದಕ್ಕೆ ಅದು ಬೇಡ" ಅಂದವರು ನನ್ನ ಕಡೆ ಕೈ ಚಾಚಿ ಬೆರಳು ಮಡಚತೊಡಗಿದರು.