ದನಿ ಕೇಳಿದ ಮೇಲೆ

ಹೋದ ವರ್ಷ ಬೇಸಗೆಯಲ್ಲಿ ನನ್ನ ಅಕ್ಕನಿಗೆ ವಿಕಿರಣ ಚಿಕಿತ್ಸೆಯಾಗಬೇಕಾಯಿತು. ಇಪ್ಪತ್ತೈದು ದಿನ ನಾನೇ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆನು. ದಪ್ಪ ಗೋಡೆಯ ಕೋಣೆಯಲ್ಲಿ ಆಕೆಯನ್ನು ಮಲಗಿಸಿ, ಉಳಿದವರೆಲ್ಲ ಹೊರಬಂದು, ಭಾರವಾದ ಬಾಗಿಲನ್ನು ಮುಚ್ಚುವರು. ಹೊರಗೆ ಗಣಕಯಂತ್ರದ ಮುಂದೆ ಕುಳಿತ ಹುಡುಗಿ, ಪರದೆಯಲ್ಲಿ ಅಕ್ಕನನ್ನು ನೋಡುತ್ತ, "ಅಮ್ಮಾ, ಶುರು ಮಾಡಲೇ?" ಎಂದು ಕೇಳುವಳು. ಒಳಗಿನಿಂದ "ಹೂಂ, ಮಾಡಮ್ಮ" ಎಂಬ ದನಿ ಬಂದ ಮೇಲೆಯೇ ಗುಂಡಿಯನ್ನೊತ್ತುವಳು.

ಒಂದು ದಿನ ದನಿಯನ್ನು ತರುವ ಆ ಸಲಕರಣೆ ಕೆಟ್ಟಿತು. ಹುಡುಗಿ ಅಕ್ಕನನ್ನು ಹೊರಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದಳು. ಒಂದು ಗಂಟೆ ಕಳೆಯಿತು. ನನಗೆ ಸಿಟ್ಟು ಬಂದಿತು. "ಕಿರಣದ ಯಂತ್ರ ಸರಿಯಾಗಿದೆಯಷ್ಟೆ? ಒಳಗಿನವರ ಮುಖ ಕಾಣುತ್ತದೆಯಷ್ಟೆ? ಮಾತು ಕೇಳದಿದ್ದರೆ ಏನು ಮುಳುಗಿಹೋಯಿತು?" ಎಂದೆನು. "ಇಲ್ಲ ಸಾರ್, ಅವರ ಮಾತು ನನಗೆ ಕೇಳಲೇಬೇಕು" ಎಂದಳು, ಬೇರೇನನ್ನೂ ಹೇಳಲಿಲ್ಲ. ಪಕ್ಕದಲ್ಲಿದ್ದ ಭೌತವಿಜ್ಞಾನಿಯೊಬ್ಬರು ಮಾತ್ರ, "ಬಿಡುವಾದಾಗ ಥೆರಾಕ್-೨೫ರ ಕಥೆಯನ್ನು ಓದಿ" ಎಂದರು. ಆ ರಾತ್ರಿ ಓದಿದೆನು.

ಅದು ಕೆನಡಾದಲ್ಲಿ ತಯಾರಾದ ಚಿಕಿತ್ಸಾಯಂತ್ರ. ಅದಕ್ಕೂ ಹಿಂದಿನ ಯಂತ್ರದಲ್ಲಿ, ತಪ್ಪಾದರೆ ಕಿರಣವನ್ನು ತಡೆಯುವ ಪ್ರತ್ಯೇಕವಾದ ತಡೆಗಳಿದ್ದುವು. ಹೊಸದರಲ್ಲಿ ಆ ಕೆಲಸವನ್ನೆಲ್ಲ ಗಣಕದ ಆಜ್ಞಾವಳಿಗೇ ಒಪ್ಪಿಸಿದರು. ೧೯೮೫ರ ಜೂನ್‌ನಿಂದ ೧೯೮೭ರ ಜನವರಿಯವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ಮಂದಿ ರೋಗಿಗಳು ಮಿತಿಮೀರಿದ ಕಿರಣಕ್ಕೆ ಗುರಿಯಾದರು. ಕೆಲವರು ಅದರಿಂದಲೇ ತೀರಿಕೊಂಡರು.

೧೯೮೬ರ ಮಾರ್ಚಿಯಲ್ಲಿ ಟೆಕ್ಸಸ್ ಪ್ರಾಂತದ ಟೈಲರ್ ಊರಿನಲ್ಲಿ ಯಂತ್ರ ನಡೆಸುವಾಕೆ ಒಂದಕ್ಷರವನ್ನು ತಪ್ಪಾಗಿ ಒತ್ತಿ, ಚುರುಕಾಗಿ ತಿದ್ದಿಕೊಂಡಳು. ಒಳಗಿನ ಕಾಂತಗಳು ಸಿದ್ಧವಾಗಲು ಎಂಟು ಸೆಕೆಂಡು ಬೇಕು. ಅಷ್ಟರೊಳಗೆ ಮಾಡಿದ ತಿದ್ದುಪಡಿ ಗಣಕಕ್ಕೆ ಪೂರ್ತಿಯಾಗಿ ಮುಟ್ಟಲಿಲ್ಲ. ಪರದೆಯ ಮೇಲೆ "ಮಾಲ್‌ಫಂಕ್ಷನ್ ೫೪" ಎಂದು ಮೂಡಿತು. ಅದರ ಅರ್ಥವನ್ನು ಕೈಪಿಡಿಯಲ್ಲಿ ವಿವರಿಸಿರಲಿಲ್ಲ. ಆ ಯಂತ್ರ ಪದೇ ಪದೇ ಇಂಥ ಎಚ್ಚರಿಕೆಗಳನ್ನು ಕೊಡುತ್ತಿದ್ದಿತು. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯಂತಾಗಿತ್ತು. ಆಕೆ ಮುಂದುವರಿಸುವ ಕೀಲಿಯನ್ನೊತ್ತಿದಳು. ಒಳಗೆ ರೋಗಿಗೆ ಉದ್ದೇಶಿಸಿದ್ದಕ್ಕಿಂತ ಸುಮಾರು ನೂರು ಪಾಲು ಕಿರಣ ತಗುಲಿದ್ದಿತು. ಆತನು ನೋವಿನಿಂದ ಏಳುತ್ತಿದ್ದಂತೆಯೇ ಮತ್ತೊಂದು ಪೆಟ್ಟು. ಕೊನೆಗೆ ಬಾಗಿಲನ್ನು ಬಡಿದನು. ಅಂದು ಆ ಕೋಣೆಯ ದೃಶ್ಯದ ಸಲಕರಣೆಗೆ ಸಂಪರ್ಕವಿರಲಿಲ್ಲ. ಮಾತಿನ ಸಲಕರಣೆ ಕೆಟ್ಟಿತ್ತು.

ಇಷ್ಟನ್ನು ಓದಿದಾಗ ನನ್ನ ಮಾತು ನೆನಪಾಗಿ ನಾಚಿಕೆಯಾಯಿತು.

ಯಂತ್ರದಿಂದ ಮಿತಿಮೀರಿದ ಕಿರಣ ಹೊರಡುವುದು ಸಾಧ್ಯವೇ ಇಲ್ಲವೆಂದು ತಯಾರಕರು ಹೇಳಿದ್ದರು. ಮರುತಿಂಗಳು ಅಲ್ಲಿಯೇ ಇನ್ನೊಬ್ಬರಿಗೆ ಅದೇ ಗತಿಯಾಯಿತು. ಆಗ ಆ ಆಸ್ಪತ್ರೆಯ ಭೌತವಿಜ್ಞಾನಿ ಯಂತ್ರ ನಡೆಸುವಾಕೆಯೊಡನೆ ಕುಳಿತು, ಆಕೆಯ ಕೈಯ ವೇಗವನ್ನೇ ಮತ್ತೆ ಮತ್ತೆ ಅನುಸರಿಸಿ, ದೋಷವನ್ನು ಹೊರಗೆಡಹಿದನು. ಅಂಥದೇ ದೋಷ ಹಿಂದಿನ ಯಂತ್ರದ ಆಜ್ಞಾವಳಿಯಲ್ಲಿಯೂ ಇದ್ದಿತೆಂದು ಆಮೇಲೆ ತಿಳಿಯಿತು. ಅಲ್ಲಿ ಫ್ಯೂಸು ಸುಡುತ್ತಿದ್ದಿತೇ ಹೊರತು ಮನುಷ್ಯನು ಸುಡುತ್ತಿರಲಿಲ್ಲ. ಮುಂದೆ ಪ್ರತ್ಯೇಕವಾದ ತಡೆಗಳನ್ನು ಮತ್ತೆ ಅಳವಡಿಸಿದರು.

ಲೋಹದ ಕೆಲಸ ಬಲ್ಲವನು ಒಬ್ಬ, ಆಜ್ಞಾವಳಿ ಬರೆಯುವವನು ಮತ್ತೊಬ್ಬ, ಗುಂಡಿಯೊತ್ತುವಾಕೆ ಇನ್ನೊಬ್ಬಳು. ತನ್ನ ಪಾಲು ಸರಿಯಾಗಿದ್ದರೆ ಸಾಕೆಂದು ಒಬ್ಬೊಬ್ಬರೂ ಎಣಿಸಿದರೆ, ಅವರ ನಡುವಣ ಸಂದಿನಲ್ಲಿ ರೋಗಿ ಸಿಕ್ಕಿಕೊಳ್ಳುವನು. ಆ ಸಂದನ್ನು ಕಾಯುವ ಹೊಣೆ ಎಲ್ಲರದೂ ಆಗಬೇಕು. ಮಾತಿನ ಸಲಕರಣೆಯೂ ಆ ಕಾವಲಿನ ಒಂದು ಭಾಗವೆಂದು ಹುಡುಗಿಗೆ ತಿಳಿದಿತ್ತು, ನನಗೆ ತಿಳಿದಿರಲಿಲ್ಲ.

ಮರುದಿನ ಆಕೆಯಲ್ಲಿ ಕ್ಷಮೆ ಕೇಳಿದೆನು. ನಕ್ಕು, ಪರದೆಯ ಕಡೆ ತಿರುಗಿ, "ಅಮ್ಮಾ, ಶುರು ಮಾಡಲೇ?" ಎಂದಳು. ಆ ದಿನ ಒಳಗಿನ ಉತ್ತರಕ್ಕಾಗಿ ನಾನೂ ಕಿವಿಗೊಟ್ಟು ನಿಂತೆನು.